ಮಗುವಿನ ಹಾಸಿಗೆಗೊಂದು ಕೈಹೊಲಿಗೆಯ ಕೌದಿ



ಮನೆಗೆ ಎರಡನೆಯ ಮಗು ಬರುತ್ತದೆ ಎಂದಾಗ ಅಟ್ಟದ ಮೇಲಿನ ತೊಟ್ಟಿಲು ಕೆಳಗಿಳಿಯುತ್ತದೆ. ಬಾಣಂತಿಯ ಕೋಣೆ, ಎಣ್ಣೆ, ಮದ್ದು, ಬಿಸಿನೀರಿನ ಹಂಡೆ, ಎಲ್ಲದರ ಯೋಚನೆಯೂ ಹಿರಿಯರಿಗಿರುತ್ತದೆ. ಆದರೆ ಇಷ್ಟು ದಿನ ಅಮ್ಮನ ಸೆರಗು ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದ ಮೂರು ವರ್ಷದ ಮೊದಲ ಮಗುವಿನ ಯೋಚನೆ ಯಾರಿಗೆ? ಒಂದು ರಾತ್ರಿ ಅದಕ್ಕೆ ಹೇಳಿಬಿಡುತ್ತೇವೆ: "ನೀನು ಈಗ ದೊಡ್ಡವನಾದೆ ಮಗಾ, ಇನ್ನು ಆಚೆ ಮಂಚದಲ್ಲಿ ಮಲಗು."

ಮಗು ಅಳುತ್ತದೆ. ನಡುರಾತ್ರಿ ಎದ್ದು ಬಂದು ಅಮ್ಮನ ಕಾಲ ಬುಡದಲ್ಲಿ ಮುದುಡಿ ಮಲಗುತ್ತದೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುತ್ತದೆ. ನಾವು ಅದನ್ನು ಹಠ ಎನ್ನುತ್ತೇವೆ, ಕೆಲವೊಮ್ಮೆ ಗದರುತ್ತೇವೆ. ಆದರೆ ಆ ಮಗುವಿಗೆ ಆಗಿರುವುದು ತನ್ನ ಜಾಗ ಕೈತಪ್ಪಿತಲ್ಲ ಎಂಬ ದುಃಖ. ಅದನ್ನು ಬಾಯಿಬಿಟ್ಟು ಹೇಳಲು ಅದಕ್ಕೆ ಮಾತು ಬರುವುದಿಲ್ಲ, ಅಷ್ಟೇ.

ಇಂಥ ಮಗುವಿಗೆ ಪುತ್ತೂರಿನ ಪೇಟೆಯಿಂದ ಬಣ್ಣದ ಕಂಬಳಿ ತಂದುಕೊಡುವುದು ಸುಲಭ. ಅದಕ್ಕಿಂತ ಉತ್ತಮವಾದ ಒಂದು ದಾರಿಯನ್ನು ಈ ವಾರ ನಿಮ್ಮ ಮುಂದಿಡುತ್ತೇನೆ. ಅಮ್ಮನ ಹಳೆಯ ಸೀರೆಯನ್ನೇ ಹೊದಿಕೆಯಾಗಿ ಮಾಡಿ ಮಗುವಿನ ಮಂಚಕ್ಕೆ ಕಳುಹಿಸಿಕೊಡಿ. ಘಟ್ಟದ ಮೇಲಿನವರು ಇದನ್ನು ಕೌದಿ ಎನ್ನುತ್ತಾರೆ, ಕೆಲವರು ಗೋದಡಿ ಎನ್ನುತ್ತಾರೆ. ಹೆಸರು ಏನೇ ಇರಲಿ, ಹಳೆ ಬಟ್ಟೆಯ ಪದರಗಳನ್ನು ಒಂದರ ಮೇಲೊಂದು ಇಟ್ಟು ಸಾದಾ ಹೊಲಿಗೆಯಿಂದ ಹಿಡಿದಿಡುವುದೇ ಇದರ ವಿದ್ಯೆ. ಇದಕ್ಕೆ ಹಣ ಬೇಡ, ಮೆಷಿನ್ ಬೇಡ. ದಿನಕ್ಕೊಂದು ಗಂಟೆ ಬಿಡುವು ಮತ್ತು ತಾಳ್ಮೆ ಸಾಕು.

ಹಳೆಯ ಬಟ್ಟೆಯೇ ಏಕೆ?

ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಬಣ್ಣ ಬಿಡುವ ಭಯವಿರುತ್ತದೆ, ಮೊದಲ ಒಗೆತದಲ್ಲಿ ಅದು ಕುಗ್ಗುತ್ತದೆ. ನೂರಾರು ಸಲ ಒಗೆದ ಹತ್ತಿಯ ಬಟ್ಟೆಯಲ್ಲಿ ಈ ಮೂರೂ ಮುಗಿದಿರುತ್ತವೆ. ಉಳಿದಿರುವುದು ಮೆತ್ತಗಿನ ನೂಲು ಮಾತ್ರ. ಆದುದರಿಂದಲೇ ನಮ್ಮ ದೇಶದ ಅನೇಕ ಕಡೆ ಮಕ್ಕಳಿಗೆ ಹಳೆ ಬಟ್ಟೆಯ ಹೊದಿಕೆಯೇ ಮೊದಲ ಹೊದಿಕೆ. ಬಂಗಾಳದ ತಾಯಂದಿರು ಹಳೆ ಸೀರೆಗಳಿಂದ ಕಾಂಥಾ ಹೊಲಿಯುತ್ತಾರೆ. ಸೀರೆಯ ಅಂಚಿನಿಂದ ಎಳೆದು ತೆಗೆದ ಬಣ್ಣದ ಎಳೆಗಳನ್ನೇ ಹಿಂದೆ ನೂಲಾಗಿ ಬಳಸುತ್ತಿದ್ದರು. ಬಿಹಾರದಲ್ಲಿ ಹಸುಗೂಸನ್ನು ಸುತ್ತುವುದಕ್ಕೆಂದು ಸುಜನಿ ಹೊಲಿಯುವ ಪದ್ಧತಿ ಇತ್ತು.

ನಮ್ಮ ಮನೆಗಳಲ್ಲಿಯೂ ಬಟ್ಟೆಗೆ ಬರಗಾಲವಿಲ್ಲ. ಅಜ್ಜಿಯ ಕೈಮಗ್ಗದ ಸೀರೆ, ಅಪ್ಪನ ಲುಂಗಿ, ನೂಲು ಸವೆದ ಬೈರಾಸು, ಅಮ್ಮನ ನೈಟಿ, ಮಗುವಿಗೆ ಗಿಡ್ಡವಾದ ಅಂಗಿ ಇವೆಲ್ಲ ಕಪಾಟಿನ ಮೂಲೆಯಲ್ಲೋ ನೆಲ ಒರೆಸುವ ಬಕೆಟ್ಟಿನಲ್ಲೋ ಬಿದ್ದಿರುತ್ತವೆ. ಕಡಬದ ಕಡೆಯ ಮಲಯಾಳ ಮನೆಗಳಲ್ಲಿ ಅಮ್ಮಚ್ಚಿಯರ ಬಿಳಿಯ ಚಟ್ಟೆ ಮುಂಡು ಇನ್ನೂ ಪೆಟ್ಟಿಗೆಯಲ್ಲಿದ್ದರೆ, ಅದಕ್ಕಿಂತ ಒಳ್ಳೆಯ ಅಸ್ತರಿ ಬಟ್ಟೆ ಹುಡುಕಿದರೂ ಸಿಗದು.

ಸಿದ್ದಿ ಸಹೋದರಿಯರ ಪಾಠ

ಹೊಲಿಯುವ ಕ್ರಮಕ್ಕೆ ನಾವು ದೂರ ಹೋಗಬೇಕಿಲ್ಲ. ನಮ್ಮ ರಾಜ್ಯದ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಕಾಡಂಚಿನಲ್ಲಿ ಸಿದ್ದಿ ಜನರು ವಾಸಿಸುತ್ತಿದ್ದಾರೆ. ಇವರ ಪೂರ್ವಜರು ಆಫ್ರಿಕದವರು. ಅನೇಕರನ್ನು ಪೋರ್ಚುಗೀಸರ ಕಾಲದಲ್ಲಿ ಗುಲಾಮರನ್ನಾಗಿ ಗೋವೆಗೆ ತರಲಾಗಿತ್ತು. ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಈ ಕಾಡುಗಳಲ್ಲಿ ಬದುಕು ಕಟ್ಟಿಕೊಂಡರು. ಅವರಲ್ಲಿ ಹಿಂದೂಗಳೂ, ಮುಸ್ಲಿಮರೂ, ನಮ್ಮ ಕಾರವಾರ ಧರ್ಮಪ್ರಾಂತಕ್ಕೆ ಸೇರಿದ ಕಥೋಲಿಕರೂ ಇದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು.

ಈ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ಮನೆಮಂದಿ ಉಟ್ಟು ಸವೆದ ಬಟ್ಟೆಯ ತುಂಡುಗಳೇ ಅದರ ಬಂಡವಾಳ. ಮಕ್ಕಳಿಗೆಂದು ಚಿಕ್ಕವನ್ನೂ, ದೊಡ್ಡವರಿಗೆಂದು ಭಾರವಾದವನ್ನೂ ಹೊಲಿಯುತ್ತಾರೆ. ಕಥೋಲಿಕ ಸಿದ್ದಿಯರು ತುಂಡುಗಳ ನಡುವೆ ಶಿಲುಬೆಯ ಆಕಾರವನ್ನು ಇಡುವುದುಂಟು. ಮುಸ್ಲಿಂ ಸಿದ್ದಿಯರು ಅರ್ಧಚಂದ್ರವನ್ನು ಇಡುವುದುಂಟು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಪ್ರೋತ್ಸಾಹದಿಂದ 2004ರಲ್ಲಿ ಈ ಹೆಂಗಸರ ಒಂದು ಸಹಕಾರಿ ಬಳಗ ಹುಟ್ಟಿತು. 2011ರಲ್ಲಿ ಇವರ ಕೌದಿಗಳು ನ್ಯೂಯಾರ್ಕಿನ ಷಾಂಬರ್ಗ್ ಕೇಂದ್ರದ ಗೋಡೆಯಲ್ಲಿ ಪ್ರದರ್ಶನಕ್ಕೆ ನಿಂತವು. ಮನೆಯ ಜಗಲಿಯಲ್ಲಿ ಕೂತು ಹಳೆ ಬಟ್ಟೆ ಹೊಲಿಯುವ ಕೆಲಸವನ್ನು ಸಣ್ಣದೆಂದು ಎಣಿಸುವ ನಾವು ಈ ಮಾತನ್ನು ನೆನಪಿಡಬೇಕು.

ಅವರ ಕ್ರಮದಲ್ಲಿ ಒಂದು ವಿಶೇಷವಿದೆ. ಅವರು ಒಂದು ಮೂಲೆಯಿಂದ ಪ್ರಾರಂಭಿಸಿ, ಅಂಚಿನ ಸುತ್ತ ತುಂಡುಗಳನ್ನು ಹೊಲಿಯುತ್ತಾ, ಸುತ್ತು ಸುತ್ತಾಗಿ ಒಳಗೆ ಬರುತ್ತಾರೆ. ನಡುಭಾಗ ಕೊನೆಗೆ ತುಂಬುತ್ತದೆ. ಚೌಕಟ್ಟು ಬೇಡ, ಮೇಜು ಬೇಡ. ಅಡುಗೆಯ ನಡುವೆ ಎದ್ದು ಹೋಗಿ ಮತ್ತೆ ಬಂದು ಕೂತರೂ ಕೆಲಸ ಕೆಡುವುದಿಲ್ಲ. ಮನೆವಾರ್ತೆಯ ಹೆಂಗಸರಿಗೆ ಇದಕ್ಕಿಂತ ಹೊಂದುವ ಕ್ರಮ ಬೇರೊಂದಿಲ್ಲ. ಅದನ್ನೇ ಮಗುವಿನ ಮಂಚದ ಅಳತೆಗೆ ಹೊಂದಿಸಿ ಕೆಳಗೆ ಕೊಟ್ಟಿದ್ದೇನೆ.

ಬಟ್ಟೆ ಆರಿಸುವುದು

ಶುದ್ಧ ಹತ್ತಿಯ ಬಟ್ಟೆಗಳನ್ನೇ ಆರಿಸಿ. ನೈಲಾನ್, ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ. ಬನಿಯನ್ನಿನಂತೆ ಎಳೆದಾಗ ಹಿಗ್ಗುವ ಬಟ್ಟೆ ಹೊಲಿಗೆಯಲ್ಲಿ ಸೊಟ್ಟಗಾಗುತ್ತದೆ. ಜರಿಯ ಅಂಚು ಮಗುವಿನ ಮೈ ಕೆರೆಯುತ್ತದೆ. ಅದನ್ನು ಕತ್ತರಿಸಿ ತೆಗೆದುಬಿಡಿ. ಪ್ರತಿ ಬಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಿ. ಸೊಂಟದ ಹತ್ತಿರ, ಕಾಲಂಚಿನ ಹತ್ತಿರ ಸೀರೆ ಹೆಚ್ಚು ಸವೆದಿರುತ್ತದೆ. ಕೈಯಲ್ಲಿ ಎಳೆದಾಗಲೇ ಹರಿಯುವ ಭಾಗ ಬೇಡ.

ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಚೆನ್ನಾಗಿ ಉಜ್ಜಿ ನೋಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ತುಂಡನ್ನು ಬದಿಗಿಡಿ. ಉಳಿದವನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಿ. ಗುಂಡಿ, ಹುಕ್ಕು, ಪಿನ್ನು ಎಲ್ಲವನ್ನೂ ಮೊದಲೇ ಬಿಚ್ಚಿ ತೆಗೆಯಿರಿ.

ಅಳತೆಯ ಲೆಕ್ಕ

ಒಂದು ಸೀರೆಯ ಉದ್ದ ಸುಮಾರು ಐದೂವರೆ ಮೀಟರು, ಅಂದರೆ 18 ಅಡಿ. ಅಗಲ ಸುಮಾರು 45 ಇಂಚು. ಅದರಿಂದ ಮೊದಲು 61 ಇಂಚು ಉದ್ದದ ಒಂದು ತುಂಡನ್ನು ಕತ್ತರಿಸಿ. ಇದು ಕೆಳಗಿನ ಅಸ್ತರಿ. ಆಮೇಲೆ 60 ಇಂಚಿನ ಎರಡು ತುಂಡುಗಳು. ಇವು ನಡುವಿನ ಪದರಗಳು. ಅಸ್ತರಿಯ ನಾಲ್ಕು ಬದಿಗಳನ್ನು ಅರ್ಧ ಇಂಚು ಒಳಕ್ಕೆ ಮಡಿಚಿದಾಗ 44 ಇಂಚು ಅಗಲ, 60 ಇಂಚು ಉದ್ದದ ಹೊದಿಕೆ ಸಿಗುತ್ತದೆ. ಮೂರರಿಂದ ಏಳೆಂಟು ವರ್ಷದ ಮಗುವಿಗೆ ಇದು ಧಾರಾಳ ಸಾಕು. ಜರಿ ಅಂಚು ತೆಗೆದರೆ ಅಗಲ ಮೂರ್ನಾಲ್ಕು ಇಂಚು ಕಡಿಮೆಯಾದೀತು, ಚಿಂತೆಯಿಲ್ಲ.

ಸೀರೆಯಲ್ಲಿ ಇನ್ನೂ ಸುಮಾರು ಮೂರು ಅಡಿ ಉಳಿಯುತ್ತದೆ. ಅದು ಸೆರಗು ಆಗಿರುವಂತೆ ನೋಡಿಕೊಳ್ಳಿ. ಮಗು ಹಿಡಿದುಕೊಂಡು ಮಲಗುತ್ತಿದ್ದುದು ಅದನ್ನೇ ಅಲ್ಲವೇ? ಆ ಭಾಗವನ್ನು 6 ಇಂಚಿನ ಚೌಕಗಳಾಗಿ ಕತ್ತರಿಸಿದರೆ 42 ತುಂಡುಗಳು ಸಿಗುತ್ತವೆ. ಹೊಲಿದ ಮೇಲೆ ಒಂದೊಂದು ತುಂಡು 5 ಇಂಚಿನಷ್ಟು ಹೊರಗೆ ಕಾಣುತ್ತದೆ. ಅಗಲಕ್ಕೆ 9, ಉದ್ದಕ್ಕೆ 12, ಒಟ್ಟು 108 ತುಂಡುಗಳು ಬೇಕು. ಉಳಿದ 66ನ್ನು ಮನೆಯವರೆಲ್ಲರ ಬಟ್ಟೆಯಿಂದ ಕೂಡಿಸಿ. ಅಪ್ಪನದ್ದು, ಅಜ್ಜನದ್ದು, ಅತ್ತೆಯದ್ದು ಎಂದು ಎಲ್ಲರ ಪಾಲೂ ಇರಲಿ. ತೀರಿಹೋದ ಹಿರಿಯರ ಸೀರೆಯೋ ಅಂಗಿಯೋ ಕಪಾಟಿನಲ್ಲಿದ್ದು, ಅದನ್ನು ಕೊಡಲೂ ಮನಸ್ಸಿಲ್ಲದೆ ಇಟ್ಟುಕೊಳ್ಳಲೂ ದಾರಿ ಕಾಣದೆ ಇದ್ದರೆ, ಅದಕ್ಕೂ ಇಲ್ಲಿ ಜಾಗವಿದೆ.

ಹೊಲಿಯುವ ಕ್ರಮ

1. ಚಾಪೆಯ ಮೇಲೆ ಅಸ್ತರಿಯನ್ನು ಸುಕ್ಕಿಲ್ಲದೆ ಹಾಸಿ. ಅದರ ಮೇಲೆ ನಡುವಿನ ಎರಡು ಪದರಗಳನ್ನು ಹಾಸಿ. ಹೆಚ್ಚಾದ ಅಂಚನ್ನು ಕತ್ತರಿಸಿ, ಅಸ್ತರಿಯ ಅಂಚನ್ನು ಅವುಗಳ ಮೇಲೆ ಮಡಿಚಿ. ಉದ್ದಕ್ಕೂ ಅಡ್ಡಕ್ಕೂ ಅಂಗೈ ಅಗಲಕ್ಕೊಂದರಂತೆ ಕಚ್ಚಾ ಹೊಲಿಗೆ ಹಾಕಿ. ಈ ಕೆಲಸಕ್ಕೆ ಇಬ್ಬರಿದ್ದರೆ ಒಳ್ಳೆಯದು.

2. ಒಂದು ಮೂಲೆಯಲ್ಲಿ ಮೊದಲ ತುಂಡನ್ನು ಇಡಿ. ಹೊರಗಿನ ಎರಡು ಬದಿಗಳನ್ನು ಅರ್ಧ ಇಂಚು ಒಳಕ್ಕೆ ಮಡಿಚಿ ಅಸ್ತರಿಯ ಅಂಚಿಗೆ ಸಮ ಮಾಡಿ. ಒಳಗಿನ ಎರಡು ಬದಿಗಳನ್ನು ಮಡಿಚುವುದು ಬೇಡ. ಮುಂದಿನ ತುಂಡು ಅವನ್ನು ಮುಚ್ಚುತ್ತದೆ. ನಾಲ್ಕು ಮೂಲೆಗಳಲ್ಲಿಯೂ ಎರಡೆರಡು ಇಂಚಿನಷ್ಟು ಅಂಚನ್ನು ಹೊಲಿಯದೆ ಬಿಡಿ. ಕಾರಣ ಮುಂದೆ ಹೇಳುತ್ತೇನೆ.

3. ಎರಡೆಳೆ ಮಾಡಿದ ಹತ್ತಿಯ ನೂಲಿನಿಂದ, ಎಲ್ಲಾ ಪದರಗಳನ್ನೂ ಹಿಡಿಯುವಂತೆ, ಸಾದಾ ಹೊಲಿಗೆ ಹಾಕುತ್ತಾ ಹೋಗಿ. ಒಂದು ಹೊಲಿಗೆ ಭತ್ತದ ಕಾಳಿನಷ್ಟು ಉದ್ದ ಇದ್ದರೆ ಸಾಕು. ಸಾಲಿನಿಂದ ಸಾಲಿಗೆ ಅರ್ಧ ಇಂಚು ಅಂತರವಿರಲಿ. ದರ್ಜಿಗಳು ಬೆರಳಿಗೆ ಹಾಕುವ ಲೋಹದ ಟೊಪ್ಪಿ ಇದ್ದರೆ ಬೆರಳು ನೋಯುವುದಿಲ್ಲ.

4. ಮುಂದಿನ ತುಂಡಿನ ಮಡಿಚಿದ ಅಂಚನ್ನು ಹಿಂದಿನ ತುಂಡಿನ ಮಡಿಚದ ಅಂಚಿನ ಮೇಲೆ ಅರ್ಧ ಇಂಚು ಹತ್ತಿಸಿ ಹೊಲಿಯಿರಿ. ಹೀಗೆ ಅಂಚಿನ ಸುತ್ತು ಮುಗಿಸಿ, ಎರಡನೆಯ ಸುತ್ತಿಗೆ ಒಳಗೆ ಬನ್ನಿ. ನಡುವಿನ ಕೊನೆಯ ತುಂಡನ್ನು ಮಾತ್ರ ನಾಲ್ಕೂ ಬದಿ ಮಡಿಚಿ ಹೊಲಿಯಬೇಕು.

5. ನೂಲನ್ನು ಬಿಗಿಯಾಗಿ ಎಳೆಯಬೇಡಿ. ಬಟ್ಟೆ ಸುಕ್ಕಾದರೆ ಹೊದಿಕೆ ಗಟ್ಟಿಯಾಗುತ್ತದೆ. ತೀರಾ ಸಡಿಲ ಬಿಟ್ಟರೆ ಮಗುವಿನ ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಲೆಕ್ಕ ಹಾಕಿ ನೋಡಿದರೆ, ಅರ್ಧ ಇಂಚಿನ ಅಂತರದಲ್ಲಿ ಒಟ್ಟು ಹೊಲಿಗೆಯ ಉದ್ದ 130 ಮೀಟರು ದಾಟುತ್ತದೆ. ಗಂಟೆಗೆ ಎರಡೂವರೆ ಮೂರು ಮೀಟರು ಹೊಲಿದರೆ ಐವತ್ತು ಗಂಟೆಗಳ ಕೆಲಸ. ರಾತ್ರಿ ಜಪಸರ, ಊಟ ಮುಗಿದ ಮೇಲೆ ದಿನಕ್ಕೊಂದು ಗಂಟೆ ಕೂತರೆ ಏಳೆಂಟು ವಾರಗಳಲ್ಲಿ ಮುಗಿಯುತ್ತದೆ. ಮಾರ್ಚ್ ಕೊನೆಗೆ ಹಿಡಿದರೆ ಜೂನ್ ತಿಂಗಳ ಮೊದಲ ಮಳೆಗೆ ಹೊದಿಕೆ ಸಿದ್ಧ.

ಮೂಲೆಯ ಹೂವು

ಸಿದ್ದಿ ಮಹಿಳೆಯರು ಮೂಲೆಗಳಿಗೆ ಫೂಲ ಎಂಬ ಅಲಂಕಾರ ಇಡದೆ ಕೌದಿಯನ್ನು ಪೂರ್ಣವಾಯಿತೆಂದು ಒಪ್ಪುವುದಿಲ್ಲ. ಫೂಲ ಎಂದರೆ ಹೂವು. ಬಣ್ಣದ ಚಿಕ್ಕ ತುಂಡುಗಳನ್ನು ತ್ರಿಕೋನವಾಗಿ ಮಡಿಚಿ ಮೂಲೆಗೆ ಸೇರಿಸುತ್ತಾರೆ. ನೀವು 3 ಇಂಚಿನ ಚೌಕ ತುಂಡನ್ನು ಕರ್ಣಕ್ಕೆ ಮಡಿಚಿ, ಮತ್ತೊಮ್ಮೆ ಮಡಿಚಿದರೆ ಹೂವಿನ ಒಂದು ಎಸಳಾಯಿತು. ಹೊಲಿಯದೆ ಬಿಟ್ಟಿದ್ದ ಮೂಲೆಯಲ್ಲಿ ಇಂಥ ಎರಡು ಮೂರು ಎಸಳುಗಳ ಬುಡವನ್ನು ಒಳಗೆ ಸೇರಿಸಿ, ಮಡಿಚಿದ ತುದಿ ಮಾತ್ರ ಹೊರಗೆ ಕಾಣುವಂತೆ ಗಟ್ಟಿಯಾಗಿ ಹೊಲಿಯಿರಿ.

ಇದರಿಂದ ಚಳಿ ಕಡಿಮೆಯಾಗುವುದಿಲ್ಲ, ಹೊದಿಕೆ ದೊಡ್ಡದಾಗುವುದೂ ಇಲ್ಲ. ಆದರೂ ಬಿಡಬೇಡಿ. ನಿದ್ದೆ ಬಾರದ ಮಗು ಕತ್ತಲೆಯಲ್ಲಿ ಕೈಯಿಂದ ಹುಡುಕುವುದು ಈ ಹೂವನ್ನೇ.

ತಾಯಂದಿರು ಗಮನಿಸಬೇಕಾದ ಎಚ್ಚರಿಕೆ

ಈ ಹೊದಿಕೆ ದೊಡ್ಡ ಮಗುವಿಗೆ. ತೊಟ್ಟಿಲಿನ ಕೂಸಿಗೆ ಅಲ್ಲ. ಒಂದು ವರ್ಷ ತುಂಬುವವರೆಗೆ ಕೂಸನ್ನು ಅಂಗಾತ, ಗಟ್ಟಿಯಾದ ಸಮತಟ್ಟಾದ ಹಾಸಿಗೆಯ ಮೇಲೆ ಮಲಗಿಸಬೇಕು. ಮಲಗುವ ಜಾಗದಲ್ಲಿ ಸಡಿಲವಾದ ಹೊದಿಕೆ, ದಿಂಬು, ಮೆತ್ತನೆಯ ಬಟ್ಟೆಯ ರಾಶಿ ಇರಬಾರದು ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಮುಖದ ಮೇಲೆ ಬಂದ ಬಟ್ಟೆಯನ್ನು ಸರಿಸಲು ಕೂಸಿಗೆ ತಿಳಿಯುವುದಿಲ್ಲ, ಉಸಿರು ಕಟ್ಟಬಹುದು. "ನಾವೆಲ್ಲ ಹಾಗೆಯೇ ಬೆಳೆದವರಲ್ಲವೇ?" ಎಂದು ಅಜ್ಜಿ ಕೇಳಿಯಾರು. ಅವರ ಮೇಲೆ ಸಿಟ್ಟಾಗಬೇಡಿ. "ಹೌದು ಅಜ್ಜಿ, ಆದರೆ ಡಾಕ್ಟರು ಹೀಗೆ ಹೇಳಿದ್ದಾರೆ" ಎಂದು ವಿನಯದಿಂದ ತಿಳಿಸಿ. ಕೂಸು ಎಚ್ಚರವಾಗಿರುವಾಗ, ದೊಡ್ಡವರು ಹತ್ತಿರವಿರುವಾಗ, ನೆಲದ ಮೇಲೆ ಹಾಸಿ ಆಡಿಸಲು ಈ ಕೌದಿಯನ್ನು ಬಳಸಬಹುದು.

ಹೊದಿಕೆಗೆ ಗುಂಡಿ, ಮಣಿ, ಗೆಜ್ಜೆ ಹೊಲಿಯಬೇಡಿ. ಅವು ಕಿತ್ತುಬಂದರೆ ಮಗುವಿನ ಬಾಯಿಗೆ ಹೋಗುತ್ತವೆ. ಪ್ರತಿ ರಾತ್ರಿ ಕೆಲಸ ಮುಗಿಸುವಾಗ ಸೂಜಿಗಳನ್ನು ಎಣಿಸಿ ಡಬ್ಬದಲ್ಲಿಡಿ. ಒಂದು ಕಡಿಮೆಯಿದ್ದರೆ ಅದು ಸಿಗುವ ತನಕ ಮಲಗಬೇಡಿ.

ಮಳೆಗಾಲದ ಆರೈಕೆ

ನಮ್ಮದು ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆ. ಸುಳ್ಯದ ಕಾಡಿನ ಬದಿಯ ಮನೆಗಳಲ್ಲಿ ಆಷಾಢದಲ್ಲಿ ಬೈರಾಸೊಂದು ಒಣಗಲು ಎರಡು ದಿನ ಬೇಕು. ಒಳಗೆ ದಪ್ಪ ತುಂಬಿಸಿದ ರಜಾಯಿ ಇಲ್ಲಿ ಒಮ್ಮೆ ಒದ್ದೆಯಾದರೆ ಮುಗ್ಗಲು ಹಿಡಿದಂತೆಯೇ. ನಾಲ್ಕು ಪದರದ ಈ ಕೌದಿಯನ್ನಾದರೆ ಒಗೆದು, ಬಚ್ಚಲ ಒಲೆಯ ಬಿಸಿ ತಾಗುವ ಕಡೆ, ಬೆಂಕಿಯಿಂದ ಸಾಕಷ್ಟು ದೂರದಲ್ಲಿ ಹಗ್ಗಕ್ಕೆ ಹರವಿ ಒಣಗಿಸಬಹುದು. ಹಾಸಿಗೆ ಒದ್ದೆ ಮಾಡುವ ಮಗುವಿರುವ ಮನೆಯಲ್ಲಿ ಈ ಅನುಕೂಲ ಸಣ್ಣದಲ್ಲ. ಒಗೆಯುವ ಕಷ್ಟವಿಲ್ಲದಿದ್ದರೆ ಗದರುವ ಮಾತೂ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಪೆಟ್ಟಿಗೆಗೆ ಇಡುವಾಗ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಜತೆಗೆ ಒಂದು ಹಿಡಿ ಲಾವಂಚದ ಬೇರು ಇಟ್ಟರೆ ಒಳ್ಳೆಯ ಪರಿಮಳವಿರುತ್ತದೆ.

ಮಗುವನ್ನೂ ಕೂರಿಸಿಕೊಳ್ಳಿ

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಈ ಹೊದಿಕೆಯನ್ನು ಮಗುವಿಗೆ ಕಾಣದಂತೆ ಹೊಲಿದು ಕೊನೆಗೆ ಉಡುಗೊರೆಯಾಗಿ ಕೊಡಬೇಡಿ. ಮೊದಲ ದಿನದಿಂದಲೇ ಅದನ್ನು ಹತ್ತಿರ ಕೂರಿಸಿಕೊಳ್ಳಿ. ಸೂಜಿ, ಕತ್ತರಿ ಅದರ ಕೈಗೆ ಬೇಡ. ಆದರೆ ಯಾವ ತುಂಡಿನ ಪಕ್ಕ ಯಾವುದು ಎಂದು ಅದೇ ಹೇಳಲಿ. ಕೆಂಪಿನ ಪಕ್ಕ ಕೆಂಪೇ ಬಂದು ನಿಮಗೆ ಚೆಂದ ಕಾಣದಿದ್ದರೂ ಬದಲಿಸಬೇಡಿ. "ಇದು ಯಾರದ್ದು?" ಎಂದು ಅದು ಕೇಳುತ್ತದೆ. "ಇದು ನಿನ್ನ ಅಜ್ಜನ ಲುಂಗಿ. ಇದು ನೀನು ಹುಟ್ಟಿದ ದಿನ ಅಮ್ಮ ಉಟ್ಟಿದ್ದ ಸೀರೆ" ಎಂದು ಹೇಳಿ. ಅಪ್ಪಂದಿರೂ ಈ ಹೊತ್ತಿಗೆ ಟಿ.ವಿ. ಬಿಟ್ಟು, ಮೊಬೈಲು ಬದಿಗಿಟ್ಟು ಬಂದು ಕೂರಬೇಕು. ಸೂಜಿಗೆ ನೂಲು ಪೋಣಿಸಿಕೊಡಲು ಗಂಡಸೆಂಬ ಅಡ್ಡಿಯಿಲ್ಲ; ಅಜ್ಜಿಯ ಕಣ್ಣು ಮಂಜಾಗಿರುವ ಮನೆಯಲ್ಲಿ ಅದೇ ದೊಡ್ಡ ಸಹಾಯ.

ಬೇರೆ ಮಂಚಕ್ಕೆ ಕಳುಹಿಸುವುದನ್ನು ಹೊಸ ಕೂಸು ಬಂದ ರಾತ್ರಿಗೆ ಇಟ್ಟುಕೊಳ್ಳಬೇಡಿ. ಹೆರಿಗೆಗೆ ಕೆಲವು ವಾರ ಮೊದಲೇ, ಕೌದಿ ಮುಗಿದ ದಿನ, ಅದನ್ನು ಹೊದ್ದು ಮಲಗುವ ಸಂತೋಷಕ್ಕೆಂದೇ ಮಗು ತನ್ನ ಹಾಸಿಗೆಗೆ ಹೋಗಲಿ. ಮೊದಲ ರಾತ್ರಿಗಳಲ್ಲಿ ಅಳದೆಯೇ ಇರುತ್ತದೆಂದು ನಾನು ಹೇಳಲಾರೆ. ಎದ್ದು ಬಂದರೆ ಕೌದಿಯ ಸಮೇತ ಎತ್ತಿಕೊಂಡು ಹೋಗಿ, ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಿರಿ. ಅಮ್ಮನ ಸೆರಗು ತನ್ನ ಕೈಯಲ್ಲೇ ಇದೆ ಎಂಬುದು ಮೆಲ್ಲನೆ ಅದಕ್ಕೆ ತಿಳಿಯುತ್ತದೆ.

ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದಲ್ಲಿ ಜೊಪ್ಪ ಪಟ್ಟಣದ ತಬಿಥಾ ಎಂಬಾಕೆಯನ್ನು ನಾವು ಕಾಣುತ್ತೇವೆ. ಆಕೆ ತೀರಿಹೋದಾಗ ವಿಧವೆಯರು ಅಳುತ್ತಾ ಸಂತ ಪೇತ್ರರಿಗೆ ತೋರಿಸಿದ್ದು ಆಕೆ ತಮಗೆ ಮಾಡಿಕೊಟ್ಟ ಅಂಗಿಗಳನ್ನು. ಆಕೆ ಆಡಿದ ಒಂದು ಮಾತೂ ಅಲ್ಲಿ ಬರೆದಿಲ್ಲ. ಕೈಕೆಲಸವೇ ಆಕೆಯ ಪರವಾಗಿ ಮಾತಾಡಿತು.

ನಿಮ್ಮ ಮನೆಯಲ್ಲಿ, ನೆರೆಮನೆಯಲ್ಲಿ, ಹೊಲಿಗೆ ಬಲ್ಲ ಒಬ್ಬ ಅಜ್ಜಿ ಇದ್ದೇ ಇರುತ್ತಾರೆ. ಅವರ ಕೈ ನಡುಗುವ ಮೊದಲು ಒಂದು ಸಂಜೆ ಹಳೆ ಸೀರೆಯೊಂದನ್ನು ಹಿಡಿದು ಅವರ ಬಳಿ ಹೋಗಿ. ಮೊದಲ ಮೂಲೆಯನ್ನು ಅವರಿಂದಲೇ ಹೊಲಿಸಿ. ಉಳಿದುದನ್ನು ನೀವು ಮುಗಿಸುವಿರಿ.